ಲಕ್ವ ಬಂದವರಿಗೆ ನಾವು ಕೇಳದ ಪ್ರಶ್ನೆ

ಊರಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ನೋಡಲು ಬಂದವರು ಕೇಳುವ ಪ್ರಶ್ನೆಗಳು ಮೂರು. ಕೈ ಎತ್ತುತ್ತಾರಾ? ನಡೆಯುತ್ತಾರಾ? ಮಾತು ಬಂತಾ? ಆಸ್ಪತ್ರೆಯಲ್ಲಿ ಕೇಳುವುದೂ ಹೆಚ್ಚುಕಡಿಮೆ ಇವನ್ನೇ. ಜೊತೆಗೆ ಬಿಪಿ, ಶುಗರ್ ಎಷ್ಟಿದೆ ಎಂದು ನೋಡುತ್ತಾರೆ. ‘ಮನಸ್ಸು ಹೇಗಿದೆ?’ ಎಂದು ಕೇಳುವವರು ಅಪರೂಪ. ಕೇಳಿದರೂ ಉತ್ತರಕ್ಕೆ ಕಾಯದೆ, ‘ಧೈರ್ಯವಾಗಿರಿ, ಎಲ್ಲಾ ಸರಿ ಹೋಗುತ್ತೆ’ ಎಂದು ಎದ್ದುಬಿಡುತ್ತೇವೆ.

ಪಾರ್ಶ್ವವಾಯುವಿನಿಂದ ಬದುಕುಳಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಇದು ಯಾರೋ ಅಂದಾಜಿಗೆ ಹೇಳಿದ ಮಾತಲ್ಲ. 2005ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಶೇ 33 ಎಂಬ ಲೆಕ್ಕ ಸಿಕ್ಕಿತು. 2014ರಲ್ಲಿ ಅದೇ ಸಂಶೋಧಕರ ಬಳಗ 61 ಅಧ್ಯಯನಗಳ 25 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಮತ್ತೆ ಕೂಡಿಸಿ ನೋಡಿದಾಗ ಸಿಕ್ಕಿದ್ದು ಶೇ 31. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 1.2 ಕೋಟಿ ಜನರಿಗೆ ಹೊಸದಾಗಿ ಪಾರ್ಶ್ವವಾಯು ಆಗುತ್ತದೆ. ಅದರ ಮೂರನೇ ಒಂದು ಭಾಗ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿ ನೋಡಿ.

ನಾನು ವೈದ್ಯನಲ್ಲ. ಗದಗ ಜಿಲ್ಲೆಯವನು, ಪುಣೆಯ ಹಿಂಜೇವಾಡಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂಟೆಕ್ ಓದುವಾಗ ಸಂಶೋಧನಾ ಪ್ರಬಂಧಗಳನ್ನು ಓದುವ ಅಭ್ಯಾಸವಾಗಿತ್ತು. ಕೆಲಸಕ್ಕೆ ಸೇರಿದ ಮೇಲೆ ಅದು ತಪ್ಪಿಹೋಗಿತ್ತು. ಮತ್ತೆ ಶುರುವಾದದ್ದು ಅಪ್ಪನಿಗೆ ಲಕ್ವ ಹೊಡೆದ ಮೇಲೆ.

ಅಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ದಿನವಿಡೀ ಮಾತಾಡಿದ ಜೀವ. ಮೂರು ವರ್ಷದ ಹಿಂದೆ ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಊರಿನ ಕಡೆಯ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು, ಫಿಸಿಯೋಥೆರಪಿಗೆಂದು ಪುಣೆಗೆ ಕರೆತಂದೆವು. ಡಿಸ್ಚಾರ್ಜ್ ಚೀಟಿಯಲ್ಲಿ ರಕ್ತ ತೆಳುವಾಗಲು, ಬಿಪಿಗೆ, ಕೊಲೆಸ್ಟ್ರಾಲ್‌ಗೆ ಮಾತ್ರೆ ಇದ್ದವು. ಉಪ್ಪು ಕಡಿಮೆ ಮಾಡಿ ಎಂದೂ ಇತ್ತು. ಮನಸ್ಸಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾಲ್ಕು ತಿಂಗಳಲ್ಲಿ ಅಪ್ಪ ಕೋಲು ಹಿಡಿದು ಬಾಲ್ಕನಿಯವರೆಗೆ ನಡೆಯುವಂತಾದರು. ಆಮೇಲೆ ನಿಂತುಬಿಟ್ಟರು. ವ್ಯಾಯಾಮ ಬೇಡ, ಟಿವಿ ಬೇಡ, ಊಟ ಎರಡು ತುತ್ತು. ನಸುಕಿನ ಮೂರು ಗಂಟೆಗೇ ಎಚ್ಚರವಾಗಿ ಗೋಡೆ ನೋಡುತ್ತಾ ಕೂರುತ್ತಿದ್ದರು. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ‘ಕಾಕಾ ಕೋಆಪರೇಟ್ ಮಾಡ್ತಿಲ್ಲ’ ಎಂದರು. ಊರಿಂದ ಫೋನು ಮಾಡಿದವರು ‘ಮೊದಲಿಂದಲೂ ಹಠದ ಮನುಷ್ಯ ಬಿಡು’ ಎಂದರು. ಅವ್ವ ಮಾತ್ರ ಬೇರೆ ಹೇಳಿದಳು: ‘ಕಾಲೇನೋ ಬಂದ್ವು, ಇವರು ಇನ್ನೂ ಬಂದಿಲ್ಲ ನೋಡಪಾ.’

ಅವ್ವ ಹೇಳಿದ್ದನ್ನು ವಿಜ್ಞಾನ ಹೇಗೆ ಹೇಳುತ್ತದೆ ಎಂದು ಹುಡುಕುತ್ತಾ ಹೋದಾಗ ಐವತ್ತು ವರ್ಷಗಳ ಸಂಶೋಧನೆಯ ಹಾದಿಯೇ ತೆರೆದುಕೊಂಡಿತು.

ದುಃಖವೋ, ಕಾಯಿಲೆಯೋ?

ಕೈಕಾಲು ಬಿದ್ದವನಿಗೆ ಬೇಸರ ಆಗುವುದು ಸಹಜ, ಅದರಲ್ಲೇನು ಕಾಯಿಲೆ? ವೈದ್ಯರೂ ಬಹಳ ಕಾಲ ಹೀಗೇ ಯೋಚಿಸುತ್ತಿದ್ದರು. 1977ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ಮತ್ತು ಸಂಗಡಿಗರು ಒಂದು ಸರಳ ಹೋಲಿಕೆ ಮಾಡಿದರು. ಒಂದು ಕಡೆ 20 ಪಾರ್ಶ್ವವಾಯು ರೋಗಿಗಳು, ಇನ್ನೊಂದು ಕಡೆ ಮೂಳೆ, ಕೀಲಿನ ತೊಂದರೆಯಿಂದ ಅಷ್ಟೇ ಅಸಹಾಯಕರಾದ 10 ರೋಗಿಗಳು. ನಡೆಯಲಾಗದ ಕಷ್ಟ ಇಬ್ಬರಿಗೂ ಸಮ. ಆದರೆ ಖಿನ್ನತೆ ಮೊದಲ ಗುಂಪಿನಲ್ಲಿ ಶೇ 45, ಎರಡನೆಯದರಲ್ಲಿ ಶೇ 10. ಅಂದರೆ ಕೈಕಾಲು ಹೋದ ದುಃಖದ ಮೇಲೆ ಮಿದುಳಿಗಾದ ಪೆಟ್ಟಿನ ಪಾಲೂ ಇದೆ.

ಅಧ್ಯಯನ ಚಿಕ್ಕದು, ನಿಜ. ಆದರೂ ಪ್ರಶ್ನೆಯನ್ನೇ ಅದು ಬದಲಿಸಿತು. ಈ ಖಿನ್ನತೆ ರೋಗಿಯ ಸ್ವಭಾವದ ದೋಷವಲ್ಲ, ಕಾಯಿಲೆಯದೇ ಒಂದು ಭಾಗವಾಗಿರಬಹುದು ಎಂದು ತೋರಿಸಿತು.

ಪೆಟ್ಟು ಬಿದ್ದದ್ದು ಎಲ್ಲಿ?

ಮುಂದಿನ ಇಪ್ಪತ್ತು ವರ್ಷ ಸಂಶೋಧಕರು ಹುಡುಕಿದ್ದು ಜಾಗವನ್ನು. ಮಿದುಳಿನ ಎಡಭಾಗದ ಮುಂದೆ ಗಾಯವಾದವರಲ್ಲಿ ಖಿನ್ನತೆ ಹೆಚ್ಚು ಎಂದು ರಾಬರ್ಟ್ ರಾಬಿನ್ಸನ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದರು. ಸ್ಕ್ಯಾನ್ ನೋಡಿ ಯಾರಿಗೆ ಖಿನ್ನತೆ ಬರುತ್ತದೆ ಎಂದು ಹೇಳುವಂತಾದರೆ ಎಷ್ಟು ಅನುಕೂಲ! ಹತ್ತಾರು ತಂಡಗಳು ಇದನ್ನು ಪರೀಕ್ಷಿಸಿದವು. ಕೆಲವರಿಗೆ ಹೌದು ಎನಿಸಿತು, ಕೆಲವರಿಗೆ ಇಲ್ಲ ಎನಿಸಿತು. 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸಮಗ್ರ ಪರಿಶೀಲನೆ ಎಲ್ಲವನ್ನೂ ಕೂಡಿಸಿ ನೋಡಿ, ಗಾಯದ ಜಾಗಕ್ಕೂ ಖಿನ್ನತೆಗೂ ಇಂಥದ್ದೊಂದು ನೇರ ಸಂಬಂಧಕ್ಕೆ ಆಧಾರವಿಲ್ಲ ಎಂದಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2019ರಲ್ಲಿ ಇನ್ನೊಂದು ತಂಡ ಐದು ಬೇರೆ ಬೇರೆ ಕಡೆಯ 461 ರೋಗಿಗಳ ಮಿದುಳಿನ ಗಾಯಗಳನ್ನು ಹೊಸ ರೀತಿಯಲ್ಲಿ ನೋಡಿತು. ಗಾಯ ಎಲ್ಲಿದೆ ಎನ್ನುವುದಕ್ಕಿಂತ, ಆ ಜಾಗ ಮಿದುಳಿನ ಯಾವ ಯಾವ ಭಾಗಕ್ಕೆ ಜೋಡಣೆಯಾಗಿದೆ ಎಂದು ಕೇಳಿತು. ಆಗ ಚದುರಿದಂತೆ ಕಂಡ ಗಾಯಗಳು ಒಂದೇ ಜಾಲಕ್ಕೆ ಸೇರಿದವು. ಆ ಜಾಲದ ಕೇಂದ್ರ ಎಡ ಹಣೆಯ ಹಿಂದಿರುವ ಮಿದುಳಿನ ಭಾಗ. ಖಿನ್ನತೆಗೆ ತಲೆಯ ಹೊರಗಿನಿಂದ ಕಾಂತಕ್ಷೇತ್ರ ಹಾಯಿಸಿ ಕೊಡುವ ಚಿಕಿತ್ಸೆ ಗುರಿಯಿಡುವುದೂ ಹೆಚ್ಚಾಗಿ ಇದೇ ಭಾಗಕ್ಕೆ.

ಅಪ್ಪನ ಭಾಷೆಯಲ್ಲಿ ಹೇಳುವುದಾದರೆ, ಗದಗದಿಂದ ಹೊರಟ ಬಸ್ಸು ಹುಬ್ಬಳ್ಳಿ ಮುಟ್ಟಲಿಲ್ಲವೆಂದರೆ ತೊಂದರೆ ಹುಬ್ಬಳ್ಳಿಯಲ್ಲೇ ಇರಬೇಕೆಂದಿಲ್ಲ. ಅಣ್ಣಿಗೇರಿಯಲ್ಲಿ ರಸ್ತೆ ಕಟ್ಟಿದರೂ ಸಾಕು. ಊರು ಹುಡುಕುತ್ತಿದ್ದ ಸಂಶೋಧನೆ ಈಗ ರೂಟು ಹುಡುಕುತ್ತಿದೆ. ಇದರ ಜೊತೆಗೆ ಪೆಟ್ಟಿನ ನಂತರ ದೇಹದಲ್ಲಿ ಏಳುವ ಉರಿಯೂತ, ಕರುಳಿನ ಸೂಕ್ಷ್ಮಜೀವಿಗಳು, ಯಾರಿಗೆ ಖಿನ್ನತೆ ಬರಬಹುದೆಂದು ಮೊದಲೇ ಊಹಿಸುವ ಮಷಿನ್ ಲರ್ನಿಂಗ್, ಹೀಗೆ ಹೊಸ ಹೊಸ ದಿಕ್ಕುಗಳಲ್ಲಿ ಪ್ರಬಂಧಗಳು ಬರುತ್ತಿವೆ. ಇತ್ತೀಚಿನ ವರ್ಷಗಳಲ್ಲಿ ಚೀನಾದ ತಂಡಗಳ ಪಾಲು ಅದರಲ್ಲಿ ದೊಡ್ಡದು.

ಮಾತ್ರೆ ಕಲಿಸಿದ ಪಾಠ

ಲಕ್ವ ಬಂದ ಎಲ್ಲರಿಗೂ ಮೊದಲೇ ಖಿನ್ನತೆಯ ಮಾತ್ರೆ ಕೊಟ್ಟುಬಿಟ್ಟರೆ? ಈ ಯೋಚನೆಗೆ ಬಲ ಬಂದದ್ದು 2011ರಲ್ಲಿ. ಫ್ರಾನ್ಸ್‌ನಲ್ಲಿ 118 ರೋಗಿಗಳ ಮೇಲೆ ನಡೆದ ‘ಫ್ಲೇಮ್’ ಎಂಬ ಪ್ರಯೋಗದಲ್ಲಿ ಫ್ಲೂಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ತೆಗೆದುಕೊಂಡವರ ಕೈಕಾಲು ಮೂರು ತಿಂಗಳಲ್ಲಿ ಹೆಚ್ಚು ಚೇತರಿಸಿಕೊಂಡವು. ಎಲ್ಲೆಡೆ ಆಸೆ ಚಿಗುರಿತು.

ಆದರೆ ಸಣ್ಣ ಪ್ರಯೋಗದಲ್ಲಿ ಕಂಡದ್ದು ದೊಡ್ಡದರಲ್ಲಿ ನಿಲ್ಲುತ್ತದೆಯೇ ಎಂದು ನೋಡಬೇಕಲ್ಲ. ನಮ್ಮ ಆಫೀಸಿನಲ್ಲೂ ಹಾಗೆಯೇ, ನೂರು ಬಳಕೆದಾರರಲ್ಲಿ ಚೆನ್ನಾಗಿ ಓಡಿದ ತಂತ್ರಾಂಶ ಲಕ್ಷ ಜನ ಬಳಸಿದಾಗ ಕುಂಟುವುದನ್ನು ಆಗಾಗ ನೋಡುತ್ತೇವೆ. ಬ್ರಿಟನ್ನಿನಲ್ಲಿ 3,127 ರೋಗಿಗಳ ‘ಫೋಕಸ್’ ಪ್ರಯೋಗ ನಡೆದು 2018ರಲ್ಲಿ ಫಲಿತಾಂಶ ಬಂತು. 2020ರಲ್ಲಿ ಸ್ವೀಡನ್ನಿನ 1,500 ರೋಗಿಗಳದ್ದು ಮತ್ತು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ವಿಯೆಟ್ನಾಂಗಳ 1,280 ರೋಗಿಗಳದ್ದು ಬಂದವು. ಮೂರರ ಉತ್ತರವೂ ಒಂದೇ: ಆರು ತಿಂಗಳು ಫ್ಲೂಕ್ಸೆಟಿನ್ ಕೊಟ್ಟರೆ ಕೈಕಾಲಿನ ಚೇತರಿಕೆಯಾಗಲೀ ಸ್ವಾವಲಂಬನೆಯಾಗಲೀ ಹೆಚ್ಚುವುದಿಲ್ಲ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಬ್ರಿಟನ್ನಿನ ಪ್ರಯೋಗದಲ್ಲಿ ಹೊಸದಾಗಿ ಖಿನ್ನತೆ ಬಂದವರು ಮಾತ್ರೆ ತೆಗೆದುಕೊಂಡವರಲ್ಲಿ ಶೇ 13, ತೆಗೆದುಕೊಳ್ಳದವರಲ್ಲಿ ಶೇ 17. ಮೂಳೆ ಮುರಿತ ಮಾತ್ರ ಸುಮಾರು ದುಪ್ಪಟ್ಟಾಯಿತು, ಶೇ 1.5ರಿಂದ ಶೇ 2.9ಕ್ಕೆ. ಅಂದರೆ ಮಾತ್ರೆ ಮನಸ್ಸಿನ ಮೇಲೆ ಕೆಲಸ ಮಾಡುತ್ತದೆ, ಆದರೆ ಬೇಕಿಲ್ಲದವರಿಗೂ ಹಂಚುವ ಪ್ರಸಾದ ಅದಲ್ಲ. ಯಾರಿಗೆ ಬೇಕೋ ಅವರನ್ನು ಗುರುತಿಸಿ ಕೊಡಬೇಕು. ಗುರುತಿಸಬೇಕೆಂದರೆ ಮೊದಲು ಕೇಳಬೇಕು.

ಲೆಕ್ಕದಿಂದ ಬಿಟ್ಟುಹೋದವರು

ಪ್ರಬಂಧಗಳನ್ನು ಓದುವಾಗ ನಾನು ಮೊದಲು ನೋಡುವುದು ಯಾರನ್ನು ಸೇರಿಸಿಕೊಂಡಿಲ್ಲ ಎಂಬ ಪ್ಯಾರಾವನ್ನು. ಡೇಟಾ ಜೊತೆ ಕೆಲಸ ಮಾಡುವವರಿಗೆ ಅಂಟುವ ಚಟ ಅದು. ಲಕ್ವದ ನಂತರದ ಖಿನ್ನತೆಯ ಬಗೆಗಿನ ಎಷ್ಟೋ ಅಧ್ಯಯನಗಳಲ್ಲಿ ಆ ಪ್ಯಾರಾ ಒಂದೇ ಮಾತು ಹೇಳುತ್ತದೆ: ಮಾತಿನ ತೊಂದರೆ ಹೆಚ್ಚಿರುವವರನ್ನು ಕೈಬಿಡಲಾಗಿದೆ.

ಕಾರಣ ಅರ್ಥವಾಗುವಂಥದ್ದೇ. ಖಿನ್ನತೆಯನ್ನು ಅಳೆಯುವುದು ಪ್ರಶ್ನೆ ಕೇಳಿ. ಹೆಚ್ಚು ಬಳಕೆಯಲ್ಲಿರುವ ‘ಪಿಎಚ್‌ಕ್ಯು-9’ ಎಂಬ ಪಟ್ಟಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಆಸಕ್ತಿ, ನಿದ್ದೆ, ಹಸಿವು, ದಣಿವು, ತನ್ನ ಬಗ್ಗೆ ತನಗೇ ಇರುವ ಭಾವನೆ, ಸಾವಿನ ಯೋಚನೆ ಹೇಗಿದ್ದವು ಎಂದು ಕೇಳಿ 27ಕ್ಕೆ ಅಂಕ ಕೊಡುತ್ತಾರೆ. ಮಾತೇ ಬಾರದವರು ಇದಕ್ಕೆ ಉತ್ತರಿಸುವುದು ಹೇಗೆ? ಹಾಗಾಗಿ ಅವರನ್ನು ಪಟ್ಟಿಯಿಂದ ತೆಗೆದುಬಿಡುವುದು ಸುಲಭ. ಆದರೆ ಮಾತು ಕಳೆದುಕೊಂಡವರೇ ಖಿನ್ನತೆಗೆ ಹೆಚ್ಚು ಹತ್ತಿರ ಇರುವವರು. ಹೆಚ್ಚು ಮಳೆ ಬೀಳುವ ತಾಲ್ಲೂಕನ್ನು ಬಿಟ್ಟು ಜಿಲ್ಲೆಯ ಸರಾಸರಿ ಮಳೆ ಹೇಳಿದ ಹಾಗೆ ಇದು.

ಈ ಕೊರತೆ ತುಂಬಲು ಕೆಲವರು ಕೆಲಸ ಮಾಡಿದ್ದಾರೆ. 1998ರಲ್ಲಿ ಬ್ರಿಟನ್ನಿನಲ್ಲಿ ಒಂದು ಬೇರೆ ಬಗೆಯ ಪ್ರಶ್ನಾವಳಿ ಸಿದ್ಧವಾಯಿತು. ಅದರಲ್ಲಿ ಪ್ರಶ್ನೆಗಳು ರೋಗಿಗಲ್ಲ, ಜೊತೆಗಿದ್ದು ನೋಡಿಕೊಳ್ಳುವವರಿಗೆ. ಅಳುತ್ತಾರಾ? ಕಣ್ಣು ಕೊಟ್ಟು ನೋಡುವುದನ್ನು ತಪ್ಪಿಸುತ್ತಾರಾ? ರಾತ್ರಿ ನಿದ್ದೆ ಕೆಡುತ್ತದಾ? ಸಿಟ್ಟಾಗುತ್ತಾರಾ? ಏನೂ ಮಾಡದೆ ಸುಮ್ಮನೆ ಕೂರುತ್ತಾರಾ? ಇಂಥವು. ಅವ್ವ ನಾಲ್ಕು ತಿಂಗಳಿಂದ ಮನಸ್ಸಿನಲ್ಲೇ ತುಂಬಿಸುತ್ತಿದ್ದ ಪಟ್ಟಿ ಇದೇ ಅಲ್ಲವೇ ಅನ್ನಿಸಿತು.

ಚಿಕಿತ್ಸೆಯೂ ಅಷ್ಟೇ. ಮಾತು ಕಷ್ಟವಾದವರಿಗೆ ಮಾತಿನಿಂದ ನಡೆಯುವ ಕೌನ್ಸೆಲಿಂಗ್ ಹೇಗೆ ಎಂಬ ಪ್ರಶ್ನೆಗೆ 2013ರಲ್ಲಿ ಪ್ರಕಟವಾದ ‘ಕಾಮ್’ ಎಂಬ ಬ್ರಿಟಿಷ್ ಪ್ರಯೋಗ ಒಂದು ದಾರಿ ತೋರಿತು. ಮಾತಿನ ತೊಂದರೆಯ ಜೊತೆಗೆ ಮನಸ್ಸು ಕುಗ್ಗಿದ್ದ 105 ಜನ ಅದರಲ್ಲಿದ್ದರು. ಅವರ ಜೊತೆ ಕುಳಿತು ಚಿತ್ರ, ಸನ್ನೆ, ಬರೆದ ಪದಗಳನ್ನು ಬಳಸಿ, ಹಿಂದೆ ಖುಷಿ ಕೊಡುತ್ತಿದ್ದ ಕೆಲಸಗಳನ್ನು ಪತ್ತೆ ಮಾಡಿ, ಸಣ್ಣ ಸಣ್ಣ ತುಂಡುಗಳಾಗಿ ದಿನಚರಿಗೆ ಮರಳಿ ತರುವುದು ಆ ಚಿಕಿತ್ಸೆಯ ತಿರುಳು. ಆರು ತಿಂಗಳ ನಂತರ ಆ ಗುಂಪಿನವರ ಮನಸ್ಸು ಉಳಿದವರಿಗಿಂತ ಹಗುರಾಗಿತ್ತು.

ಯಾವ ಭಾಷೆಯಲ್ಲಿ ಕೇಳಬೇಕು?

ಹೊರನಾಡಿನಲ್ಲಿರುವ ನಮಗೆ ಇಲ್ಲಿ ಇನ್ನೊಂದು ತೊಡಕಿದೆ. ಪುಣೆಯ ಮನೋವೈದ್ಯರು ಒಳ್ಳೆಯವರು, ಸಮಾಧಾನದಿಂದ ಕೇಳುವವರು. ಕೇಳುವುದು ಮರಾಠಿಯಲ್ಲಿ, ಇಲ್ಲವೇ ಹಿಂದಿಯಲ್ಲಿ. ಅಪ್ಪನಿಗೆ ಮರಾಠಿ ಮೊದಲೇ ಅಷ್ಟಕ್ಕಷ್ಟೆ. ಲಕ್ವದ ಮೇಲೆ ಕನ್ನಡದ್ದೇ ಬೆರಳೆಣಿಕೆಯ ಪದ ಉಳಿದಿದ್ದವು. ‘ಉದಾಸ್ ವಾಟ್ತೆ ಕಾ?’ ಎಂದರೆ ಅಪ್ಪ ತಲೆಯಾಡಿಸಿದರು. ಹೌದೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ. ಅವ್ವ ಪಕ್ಕದಲ್ಲಿ ಕುಳಿತು, ‘ಜೀವಕ್ಕ ಬ್ಯಾಸರಾಗೇತೇನ್ರಿ?’ ಎಂದಳು. ಅಪ್ಪ ಅವಳ ಕೈ ಹಿಡಿದುಕೊಂಡು ‘ಸಾಕು’ ಎಂದರು. ಡಾಕ್ಟರಿಗೆ ಅನುವಾದ ಬೇಕಾಗಲಿಲ್ಲ.

ಪಿಎಚ್‌ಕ್ಯು-9ರ ಕನ್ನಡ ರೂಪ ಇದೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡಿಗರ ಮಾತಿನ ತೊಂದರೆಗಳ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. ಮುಂಬೈ, ಪುಣೆ, ಹೈದರಾಬಾದಿಗೆ ತಂದೆ ತಾಯಿಯನ್ನು ಕರೆಸಿಕೊಳ್ಳುವವರು ಕನ್ನಡದ ಸ್ಪೀಚ್ ಥೆರಪಿ ಎಲ್ಲಿ ಸಿಗುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಯಂತ್ರ ಎಲ್ಲವೂ ಇರುತ್ತದೆ, ‘ಜೀವಕ್ಕ ಬ್ಯಾಸರ’ ಎಂಬ ಮಾತು ತಿಳಿಯುವವರು ಇರುವುದಿಲ್ಲ.

ಮನೆಯವರಿಗೂ ಮಿತಿಯುಂಟು

‘ನಮ್ಮಲ್ಲಿ ಕುಟುಂಬ ಇದೆ, ನೋಡಿಕೊಳ್ಳುತ್ತಾರೆ’ ಎಂಬುದು ನಮ್ಮ ದೇಶದ ಹೆಮ್ಮೆ. ಈ ಹೆಮ್ಮೆಯನ್ನೂ ಒಂದು ಪ್ರಯೋಗ ಪರೀಕ್ಷಿಸಿದೆ. ‘ಅಟೆಂಡ್’ ಎಂಬ ಹೆಸರಿನಲ್ಲಿ ಭಾರತದ 14 ಆಸ್ಪತ್ರೆಗಳಲ್ಲಿ 1,250 ಪಾರ್ಶ್ವವಾಯು ರೋಗಿಗಳು ಇದರಲ್ಲಿ ಭಾಗವಹಿಸಿದ್ದರು. ಅರ್ಧದಷ್ಟು ರೋಗಿಗಳ ಮನೆಯವರಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟು ಕಳಿಸಿದರು. 2017ರಲ್ಲಿ ಬಂದ ಫಲಿತಾಂಶ ಅನೇಕರಿಗೆ ನಿರಾಸೆ ತಂದಿತು. ಆರು ತಿಂಗಳಲ್ಲಿ ಎರಡೂ ಗುಂಪುಗಳಲ್ಲಿ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಸಮ ಸಮ, ಸುಮಾರು ಶೇ 47.

ಕುಟುಂಬದ ಆರೈಕೆ ವ್ಯರ್ಥ ಎಂದು ಇದರ ಅರ್ಥವಲ್ಲ. ತರಬೇತಿ ಕೊಟ್ಟು ಭಾರವನ್ನೆಲ್ಲಾ ಮನೆಯವರ ತಲೆಗೆ ದಾಟಿಸಿದರೆ ಸಾಲದು, ಹಿಂದೆ ನಿಲ್ಲುವ ವ್ಯವಸ್ಥೆಯೂ ಬೇಕು ಎಂದು ನಾನು ಓದಿಕೊಂಡೆ. ನೋಡಿಕೊಳ್ಳುವವರಲ್ಲೂ ಖಿನ್ನತೆ ಸಾಮಾನ್ಯ. ನಮ್ಮ ಮನೆಯಲ್ಲಿ ಅವ್ವನ ನಿದ್ದೆ ಅಪ್ಪನ ನಿದ್ದೆಗಿಂತ ಮೊದಲು ಕೆಟ್ಟಿತ್ತು. ಈಗ ವಾರಕ್ಕೆ ಎರಡು ಮಧ್ಯಾಹ್ನ ಒಬ್ಬ ಸಹಾಯಕ ಬರುತ್ತಾನೆ, ಅವ್ವ ಕೆಳಗಿನ ಮನೆಯವರ ಜೊತೆ ಭಜನೆಗೆ ಹೋಗುತ್ತಾಳೆ. ಇದನ್ನು ಖರ್ಚು ಎನ್ನದೆ ಔಷಧಿ ಎಂದು ಲೆಕ್ಕ ಹಿಡಿದಿದ್ದೇವೆ.

ಅಪ್ಪನಿಗೆ ವೈದ್ಯರು ಮಾತ್ರೆ ಶುರುಮಾಡಿದರು, ಬೀಳದಂತೆ ಎಚ್ಚರಿಕೆಯನ್ನೂ ಹೇಳಿದರು. ಹಿಂದೆ ಏನು ಇಷ್ಟವಿತ್ತೋ ಅದರ ಪಟ್ಟಿ ಮಾಡಿ ಎಂದರು. ಪಟ್ಟಿಯಲ್ಲಿ ಬಸ್ ಸ್ಟ್ಯಾಂಡ್ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಅವರನ್ನು ಸ್ವಾರಗೇಟ್ ನಿಲ್ದಾಣಕ್ಕೆ ಕರೆದೊಯ್ಯಲು ಶುರುಮಾಡಿದೆ. ಕರ್ನಾಟಕದ ಬಸ್ಸುಗಳು ಬಂದು ನಿಲ್ಲುತ್ತವೆ. ಅಪ್ಪ ಬೋರ್ಡು ಓದುತ್ತಾರೆ. ಮೊದಲ ವಾರ ಬರೀ ನೋಡಿದರು. ಐದನೇ ವಾರ ‘ಹುಬ್ಬಳ್ಳಿ’ ಎಂದರು. ಈಗ ಕಂಡಕ್ಟರುಗಳ ಜೊತೆ ಅರ್ಧಂಬರ್ಧ ಮಾತು, ಪೂರ್ತಿ ನಗು. ಕೈ ಇನ್ನೂ ಪೂರ್ತಿ ಬಂದಿಲ್ಲ. ವ್ಯಾಯಾಮಕ್ಕೆ ಮಾತ್ರ ತಾವಾಗಿಯೇ ಎದ್ದು ಕೂರುತ್ತಾರೆ.

ಮನೆಯಲ್ಲಿ ಲಕ್ವದ ರೋಗಿ ಇದ್ದರೆ

ಓದಿದ್ದರಿಂದ, ವೈದ್ಯರಿಂದ ತಿಳಿದ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇನೆ. ಖಿನ್ನತೆ ಲಕ್ವದ ಮೊದಲ ವರ್ಷದಲ್ಲಿ ಹೆಚ್ಚು, ಆದರೆ ನಂತರವೂ ಬರಬಹುದು. ಆಸ್ಪತ್ರೆಯಿಂದ ಬಂದ ವಾರ ಒಮ್ಮೆ ಕೇಳಿ ಸುಮ್ಮನಾಗಬಾರದು. ಪ್ರತಿ ಸಲ ತೋರಿಸಲು ಹೋದಾಗ ಬಿಪಿಯ ಜೊತೆ ಮನಸ್ಸನ್ನೂ ನೋಡಿ ಎಂದು ನಾವೇ ಹೇಳಬೇಕು.

ಕಾರಣವಿಲ್ಲದೆ ತಟ್ಟನೆ ಅಳುವುದು, ನಗುವುದು ಎಲ್ಲವೂ ಖಿನ್ನತೆಯಲ್ಲ. ಮಿದುಳಿನ ಪೆಟ್ಟಿನಿಂದ ಭಾವನೆಯ ಹಿಡಿತ ತಪ್ಪುವುದೂ ಉಂಟು, ಅದಕ್ಕೂ ಚಿಕಿತ್ಸೆಯಿದೆ. ದುಃಖವೇನೂ ಇಲ್ಲದೆ ಯಾವುದರಲ್ಲೂ ಮನಸ್ಸಿಲ್ಲದಿರುವುದು ಇನ್ನೊಂದು ಬಗೆ. ಯಾವುದು ಯಾವುದೆಂದು ವೈದ್ಯರೇ ಹೇಳಬೇಕು. ನಾವು ‘ಹಠ’, ‘ಸೋಮಾರಿತನ’ ಎಂದು ಹೆಸರಿಡುವುದು ಬೇಡ.

ಮಾತ್ರೆಯನ್ನು ನಾವಾಗಿ ಶುರುಮಾಡುವುದೂ ನಿಲ್ಲಿಸುವುದೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಕೆಲವು ಖಿನ್ನತೆಯ ಮಾತ್ರೆಗಳು ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಹಾಗಾಗಿ ಎಲ್ಲ ಚೀಟಿಗಳನ್ನೂ ಒಬ್ಬ ವೈದ್ಯರಾದರೂ ಒಟ್ಟಿಗೆ ನೋಡಬೇಕು.

‘ಇನ್ನು ಬದುಕಿ ಏನು ಮಾಡಬೇಕು’ ಎಂಬ ಮಾತು ಬಂದರೆ ವಯಸ್ಸಾದವರ ರೂಢಿಮಾತು ಎಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತಿಳಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಅದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕನ್ನಡದಲ್ಲೂ ಮಾತಾಡಬಹುದು. ಊರಿನಲ್ಲಿರುವವರಿಗೆ ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವಾಗ ಎಂದು ವಿಚಾರಿಸಿಕೊಳ್ಳಿ.

ಮುಂದಿನ ಸಲ ಊರಿಗೆ ಹೋದಾಗ, ಇಲ್ಲವೇ ಫೋನಿನಲ್ಲಿ, ಲಕ್ವದಿಂದ ಎದ್ದ ದೊಡ್ಡಪ್ಪನಿಗೋ ಸೋದರತ್ತೆಗೋ ಕೈಕಾಲಿನ ಪ್ರಶ್ನೆ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ. ಅವರ ಮಾತಿನಲ್ಲೇ ಕೇಳಿ. ಉತ್ತರ ತಡವಾಗಿ ಬರಬಹುದು, ಒಂದೇ ಪದವಾಗಿ ಬರಬಹುದು, ಅಲ್ಲಿಯವರೆಗೆ ಫೋನು ಇಡಬೇಡಿ.